ಸೆರಗಿನ ಮರೆಯ ಕರ್ಚೀಫು

ಹೋದ ವರ್ಷ ಓಪಿಡಿಗೆ ಒಬ್ಬರು ಬಂದರು. ವಯಸ್ಸು 54. ಕ್ಯಾನ್ಸರ್ ಆಗಿ ಎಡ ಸ್ತನ ತೆಗೆದು ಮೂರು ವರ್ಷವಾಗಿತ್ತು. ಬ್ಲೌಸಿನ ಒಳಗಿಂದ ಪಿನ್ನು ಬಿಚ್ಚಿ, ನಾಲ್ಕು ಕರ್ಚೀಫು ಸುತ್ತಿ ಮಾಡಿದ ಉಂಡೆಯೊಂದನ್ನು ಮೇಜಿನ ಮೇಲಿಟ್ಟರು. "ರಂಗೋಲಿ ಹಾಕೋಕೆ ಬಗ್ಗಿದ್ರೆ ಇದು ಕುತ್ತಿಗೆಗೆ ಬರುತ್ತೆ ಡಾಕ್ಟ್ರೇ" ಎಂದರು. ಪಕ್ಕದಲ್ಲಿದ್ದ ಗಂಡ ತಲೆ ತಗ್ಗಿಸಿ, "ಈ ವಯಸ್ಸಲ್ಲಿ ಅದೆಲ್ಲ ಯಾಕೆ ಅಂತ ನಾನೇ ಬೇಡ ಅಂದಿದ್ದೆ" ಎಂದರು. ಕೆಟ್ಟ ಮನುಷ್ಯರೇನಲ್ಲ. ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ ಅಷ್ಟೇ.

ನಾನು ಪ್ಲಾಸ್ಟಿಕ್ ಸರ್ಜನ್. ಹಾಗೆಂದ ಕೂಡಲೇ ಎಷ್ಟೋ ಜನಕ್ಕೆ ಸಿನಿಮಾ ನಟಿಯರ ಮೂಗು ನೆನಪಾಗುತ್ತದೆ. ತೆಗೆದ ಸ್ತನವನ್ನು ಮತ್ತೆ ಕಟ್ಟುವ ಸ್ತನ ಮರುರಚನೆ ಅಂದರೂ ಚೆಂದಕ್ಕೆ ಮಾಡಿಸಿಕೊಳ್ಳುವುದು ಅಂತಲೇ ಲೆಕ್ಕ. ಆದರೆ ಒಂದು ಕಡೆ ಭಾರ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಭುಜ ವಾಲುತ್ತದೆ, ಬ್ರಾ ಮೇಲಕ್ಕೆ ಜಾರುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ. ಸ್ತನ ದೊಡ್ಡದಿದ್ದವರಿಗೆ ಈ ಕಷ್ಟ ಇನ್ನೂ ಜಾಸ್ತಿ.

ಮರುರಚನೆಯ ಮಾತು ಕ್ಯಾನ್ಸರ್ ಆಪರೇಷನ್‌ಗೆ ಮೊದಲೇ ಆಗಬೇಕು. ಆಗ ಒಂದೇ ಅರಿವಳಿಕೆಯಲ್ಲಿ ಎರಡೂ ಕೆಲಸ ಮುಗಿಸಬಹುದಾ ಅಂತ ನೋಡಬಹುದು. ಸ್ತನದ ಮೇಲಿನ ಚರ್ಮವನ್ನೂ ಉಳಿಸಿಕೊಳ್ಳಬಹುದು. ಆಗ ತಪ್ಪಿದರೆ ಬಾಗಿಲು ಮುಚ್ಚಿತು ಅಂತಲ್ಲ, ಹತ್ತು ವರ್ಷದ ನಂತರವೂ ಮಾಡಬಹುದು. ಆದರೆ ಹೋದ ಚರ್ಮ ಬೇರೆ ಕಡೆಯಿಂದ ತರಬೇಕು.

ದಾರಿಗಳು ಮುಖ್ಯವಾಗಿ ಎರಡು. ಒಂದು ಎದೆಯ ಚರ್ಮದ ಒಳಗೆ ಕೂರಿಸುವ ಸಿಲಿಕೋನ್ ಇಂಪ್ಲಾಂಟ್, 1962ರಿಂದ ಬಳಕೆಯಲ್ಲಿದೆ. ಆಪರೇಷನ್ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಚರ್ಮ ಸಾಲದಿದ್ದರೆ ಮೊದಲು ಬಲೂನಿನಂಥ ಎಕ್ಸ್‌ಪ್ಯಾಂಡರ್ ಇಟ್ಟು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಲೈನ್ ತುಂಬಿಸುತ್ತಾ ಹಿಗ್ಗಿಸುತ್ತೇವೆ. ಇಂಪ್ಲಾಂಟ್ ಜೀವನಪೂರ್ತಿ ಬರುತ್ತದೆ ಅನ್ನುವ ಭರವಸೆ ಬೇಡ. ಅದರಲ್ಲೂ ರೇಡಿಯೇಷನ್ ಆದರೆ ಸುತ್ತ ಕಟ್ಟುವ ಪೊರೆ ಬಿಗಿದು, ಸ್ತನ ಗಟ್ಟಿಯಾಗಿ ನೋಯುವ ಸಂಭವ ಹೆಚ್ಚು.

ಇನ್ನೊಂದು, ನಿಮ್ಮ ಮೈಯಿಂದಲೇ ತೆಗೆದು ಕಟ್ಟುವುದು. ರೇಡಿಯೇಷನ್ ಆದವರಿಗೆ ನಾನು ಸಾಮಾನ್ಯವಾಗಿ ಇದನ್ನೇ ಹೇಳುತ್ತೇನೆ. ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದ ಸಮೇತ ತೆಗೆದು ಎದೆಗೆ ಕೂರಿಸುತ್ತೇವೆ. ಇದಕ್ಕೆ ಡೀಪ್ (DIEP) ಫ್ಲಾಪ್ ಅಂತ ಹೆಸರು. ಹೊಟ್ಟೆಯ ಸ್ನಾಯುವನ್ನು ಅಲ್ಲೇ ಬಿಡುತ್ತೇವೆ. ನಾಳ ಎರಡು ಮೂರು ಮಿಲಿಮೀಟರ್ ಅಷ್ಟೇ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯಬೇಕು. ಆರೆಂಟು ಗಂಟೆ ಹಿಡಿಯುತ್ತದೆ. ಆ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಬಣ್ಣ ನೋಡಿ, ಬಿಸಿಯಿದೆಯಾ ಅಂತ ಮುಟ್ಟಿ, ಡಾಪ್ಲರ್ ಪೆನ್ನು ಇಟ್ಟು ಕೇಳುತ್ತಾರೆ. ರಕ್ತ ಹರಿಯುವ ಸುಂಯ್ ಸುಂಯ್ ಸದ್ದು. ಅದು ನಿಂತರೆ ನಡುರಾತ್ರಿಯಾದರೂ ಮತ್ತೆ ಥಿಯೇಟರ್‌ಗೆ ಓಡುತ್ತೇವೆ. ಸಿಗರೇಟು, ಹಿಡಿತಕ್ಕೆ ಬಾರದ ಶುಗರ್ ಇದ್ದರೆ ನಾವು ಹಿಂದೆ ಮುಂದೆ ನೋಡುವುದು ಇದಕ್ಕೇ. ಸಿಸೇರಿಯನ್ ಆಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಸಿಟಿ ಸ್ಕ್ಯಾನ್‌ನಲ್ಲಿ ನಾಳ ನೋಡಿಕೊಳ್ಳುತ್ತೇವೆ.

ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುವುದೂ ಉಂಟು. ಒಳ್ಳೆಯ ಆಪರೇಷನ್. ಆದರೆ ಬಾವಿಯಿಂದ ನೀರು ಸೇದುವಾಗ ಕೆಲಸಕ್ಕೆ ಬರುವುದು ಅದೇ ಸ್ನಾಯು. ಅದಕ್ಕೇ ನಾನು ಮೊದಲು ಕೇಳುವುದು, "ದಿನವಿಡೀ ಏನು ಕೆಲಸ ಮಾಡ್ತೀರಿ?"

ಯಾವ ದಾರಿ ಹಿಡಿದರೂ ಹೊಸ ಸ್ತನಕ್ಕೆ ಮೊದಲಿನ ಸ್ಪರ್ಶ ಇರುವುದಿಲ್ಲ. ಸ್ವಲ್ಪ ಮರಳಬಹುದು, ಮರಳದೆಯೂ ಇರಬಹುದು. ಸುಮ್ನೆ ಹೇಳುತ್ತಿಲ್ಲ. ಬೆನ್ನು, ಭುಜಕ್ಕೆ ಕಾವು ಕೊಡಲು ಹೋಗಿ ಬಿಸಿನೀರಿನ ಚೀಲ ಎದೆಗೆ ತಾಗಿ, ಗೊತ್ತೇ ಆಗದೆ ಬೊಬ್ಬೆ ಎಬ್ಬಿಸಿಕೊಂಡು ಬಂದವರಿದ್ದಾರೆ.

"ಇದರಿಂದ ಕ್ಯಾನ್ಸರ್ ಮತ್ತೆ ಬರುತ್ತಾ?" ಇಲ್ಲ. ಮರುರಚನೆಯಿಂದ ಆ ಸಾಧ್ಯತೆ ಹೆಚ್ಚುವುದಿಲ್ಲ.

ದುಡ್ಡಿನ ಮಾತು. ಪ್ಲಾಸ್ಟಿಕ್ ಸರ್ಜರಿ ಎಂಬ ಪದ ಕಂಡ ಕೂಡಲೇ ವಿಮೆ ಡೆಸ್ಕಿನಲ್ಲಿ "ಕಾಸ್ಮೆಟಿಕ್, ಬರಲ್ಲ" ಎಂದು ಹೇಳಿದ್ದನ್ನು ಕೇಳಿದ್ದೇನೆ. ಪಾಲಿಸಿ ಕಾಗದದಲ್ಲಿ 'ಎಕ್ಸ್‌ಕ್ಲ್‌ 08' (Excl08) ಎಂಬ ಕಲಮು ಹುಡುಕಿ. ವಿಮೆ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿದ ಒಕ್ಕಣೆ ಅದು. ಕಾಸ್ಮೆಟಿಕ್ ಸರ್ಜರಿಗೆ ಹಣ ಇಲ್ಲ ಎನ್ನುವ ಅದೇ ಸಾಲಿನಲ್ಲಿ, ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಮರುರಚನೆಯನ್ನು ಹೊರತುಪಡಿಸಿ ಅಂತಿದೆ. ಅಂದರೆ ಆ 'ಇಲ್ಲ' ಇವಕ್ಕೆ ಅನ್ವಯಿಸುವುದಿಲ್ಲ. ಡಾಕ್ಟರ ಪತ್ರದಲ್ಲೂ ಕ್ಯಾನ್ಸರ್ ನಂತರದ ಮರುರಚನೆ ಎಂದೇ ಬರೆಸಿಕೊಳ್ಳಿ.

ಇನ್ನು, ಏನೂ ಮಾಡಿಸಿಕೊಳ್ಳದೆ ಇರುವುದೂ ಒಂದು ಆಯ್ಕೆ. ಎದೆ ಚಪ್ಪಟೆಯಾಗಿಯೇ ಇರಲಿ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಪ್ರಾಸ್ಥೆಸಿಸ್, ಅಂದರೆ ಕೃತಕ ಸ್ತನ ಸಿಗುತ್ತದೆ, ತೂಕವೂ ಸರಿಹೊಂದುತ್ತದೆ. ದಾರದಲ್ಲಿ ಹೆಣೆದು ಹತ್ತಿ ತುಂಬಿದ್ದೂ ಇದೆ. ಹಗುರ, ಬೇಸಿಗೆಗೆ ಹಿತ.

ಗಂಡ ಹೆಂಡತಿ ಎರಡು ಸಲ ಬಂದು ಎಲ್ಲ ಕೇಳಿದರು. ಎರಡನೇ ಸಲ ಪ್ರಶ್ನೆ ಜಾಸ್ತಿ ಕೇಳಿದ್ದು ಗಂಡನೇ. ಕೊನೆಗೆ ಆಕೆ ಆಪರೇಷನ್ ಬೇಡ ಅಂದರು. ಮತ್ತೆ ಆಸ್ಪತ್ರೆಯಲ್ಲಿ ಮಲಗುವ ಮನಸ್ಸಿರಲಿಲ್ಲ. ಪ್ರಾಸ್ಥೆಸಿಸ್ ಜಾರದಂತೆ ಬ್ಲೌಸಿನ ಒಳಗಡೆ ಹತ್ತಿಬಟ್ಟೆಯ ಜೇಬು ಹೊಲಿಸಿ ಎಂದು ಚೀಟಿಯ ಹಿಂದೆ ಚಿತ್ರ ಬರೆದುಕೊಟ್ಟೆ. ತಿಂಗಳಾದ ಮೇಲೆ ಫಾಲೋಅಪ್‌ಗೆ ಬಂದರು. ಜೇಬು ಯಾಕೆ ಅಂತ ಟೈಲರ್ ಕೇಳಿದನಂತೆ. "ದುಡ್ಡಿಡೋಕೆ ಅಂದೆ ಡಾಕ್ಟ್ರೇ. ಈಗ ನಮ್ಮ ಬೀದೀಲಿ ಇನ್ನಿಬ್ರು ಹೊಲಿಸ್ಕೊಂಡಿದ್ದಾರೆ."