ಎಲ್ಬಾದಲ್ಲಿ ನೆಪೋಲಿಯನ್‌ನ ಜೈಲು ಎಲ್ಲಿದೆ?

ಪ್ರಶ್ನೆ: ಇಟಲಿ ಪ್ರವಾಸದಲ್ಲಿ ಎಲ್ಬಾ ದ್ವೀಪದ ಪೋರ್ಟೊಫೆರಾಯೊಗೆ ಹೋಗುವ ಯೋಚನೆ ಇದೆ. ನೆಪೋಲಿಯನ್‌ನನ್ನು ಕೂಡಿಹಾಕಿದ ಜೈಲು, ಅವನ ಸಮಾಧಿ ನೋಡಲು ಒಂದು ದಿನ ಸಾಕಾ?

ಉತ್ತರ: ಊರು ನೋಡಲು ಒಂದು ದಿನ ಸಾಕು. ಇಟಲಿ ದಡದ ಪಿಯೊಂಬಿನೊ ಬಂದರಿನಿಂದ ಹಡಗು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ಆದರೆ ಅಲ್ಲಿ ನೆಪೋಲಿಯನ್‌ನ ಜೈಲೂ ಇಲ್ಲ, ಸಮಾಧಿಯೂ ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇರುತ್ತದೆ. ಇರಲಿ, ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಗಂಟು ಬಿದ್ದಿರುವುದು ಎರಡು ದ್ವೀಪಗಳ ನಡುವೆ. ಅವನು ಕೈದಿಯಾಗಿದ್ದದ್ದು, 1821ರಲ್ಲಿ ಸತ್ತದ್ದು ಸೇಂಟ್ ಹೆಲೆನಾದಲ್ಲಿ. ಅದು ಅಟ್ಲಾಂಟಿಕ್ ಸಾಗರದ ನಡುವೆ, ಆಫ್ರಿಕಾದ ಕರಾವಳಿಗೂ ಎಷ್ಟೋ ದೂರ. ಸಮಾಧಿ ಈಗ ಪ್ಯಾರಿಸ್ಸಿನಲ್ಲಿದೆ. ಎಲ್ಬಾದ ಕಥೆ ಅದಕ್ಕೂ ಮುಂಚಿನದು. 1814ರಲ್ಲಿ ಸೋತು ಪಟ್ಟ ಬಿಟ್ಟಾಗ ಒಪ್ಪಂದದ ಪ್ರಕಾರ ಅವನಿಗೆ ಈ ದ್ವೀಪವನ್ನು ಆಳಲು ಕೊಟ್ಟರು. ಹೌದು, ಆಳಲು! ಚಕ್ರವರ್ತಿ ಎಂಬ ಬಿರುದೂ ಉಳಿಯಿತು. ಮೇ ತಿಂಗಳಲ್ಲಿ ಪೋರ್ಟೊಫೆರಾಯೊ ಬಂದರಿನಲ್ಲಿ ಇಳಿದವನ ಬಳಿ ಸ್ವಂತ ಬಾವುಟವೇ ಇತ್ತು: ಬಿಳಿ ಬಟ್ಟೆ, ಓರೆಯಾಗಿ ಒಂದು ಕೆಂಪು ಪಟ್ಟಿ, ಅದರ ಮೇಲೆ ಮೂರು ಚಿನ್ನದ ಜೇನುಹುಳ. ಸ್ವಂತ ಸೈನಿಕರೂ ಇದ್ದರು. ಅಮ್ಮ ಬಂದು ಜೊತೆಗಿದ್ದಳು, ತಂಗಿ ಪೌಲಿನ್ ಕೂಡ. ರಸ್ತೆ ಮಾಡಿಸಿದ, ಕಬ್ಬಿಣದ ಗಣಿಯ ಲೆಕ್ಕ ಕೇಳಿದ, ಒಂದು ಚರ್ಚನ್ನೇ ನಾಟಕ ಶಾಲೆ ಮಾಡಿಸಿದ. ಜೈಲಿನಲ್ಲಿದ್ದವನು ಇಷ್ಟೆಲ್ಲ ಮಾಡುತ್ತಾನಾ?

ಕಣ್ಣಿಡಲು ಒಬ್ಬ ಬ್ರಿಟಿಷ್ ಕರ್ನಲ್ ಇದ್ದದ್ದು ನಿಜ, ಹೆಸರು ಕ್ಯಾಂಬೆಲ್. ಅವನು ಇಟಲಿಯ ದಡಕ್ಕೆ ಹೋಗಿದ್ದ ಹೊತ್ತು ನೋಡಿಕೊಂಡು, 1815ರ ಫೆಬ್ರವರಿ 26ರಂದು, ಸುಮಾರು ಸಾವಿರ ಜನರ ಜೊತೆ ನೆಪೋಲಿಯನ್ ಫ್ರಾನ್ಸಿಗೆ ಹೊರಟೇಬಿಟ್ಟ. ಅವನಿಗೆ ಕೊಡುತ್ತೇವೆ ಎಂದಿದ್ದ ವರ್ಷಕ್ಕೆ 20 ಲಕ್ಷ ಫ್ರಾಂಕ್ ಬಂದಿರಲೇ ಇಲ್ಲ. ಕೈ ಖಾಲಿಯಾದದ್ದೂ ಒಂದು ಕಾರಣ. ಜೂನ್‌ನಲ್ಲಿ ವಾಟರ್ಲೂ ಯುದ್ಧ. ಅಲ್ಲಿ ಅವನನ್ನು ಸೋಲಿಸಿದ ವೆಲ್ಲಿಂಗ್ಟನ್, ಟಿಪ್ಪು ಸತ್ತ ಮೇಲೆ ನಮ್ಮ ಶ್ರೀರಂಗಪಟ್ಟಣ ನೋಡಿಕೊಂಡಿದ್ದ ಅದೇ ಆರ್ಥರ್ ವೆಲ್ಲೆಸ್ಲಿ.

ನೋಡುವುದಾದರೆ ಊರಿನ ಮೇಲ್ಭಾಗದ ಪಲಾಝಿನಾ ದೇಯ್ ಮುಲಿನಿ ನೋಡಿ, ಅವನ ಮನೆ ಅದು. ತೋಟದ ಅಂಚಿನಲ್ಲಿ ನಿಂತರೆ ಕೆಳಗೆ ಕಡಲು. ಊರಾಚೆ ಸ್ಯಾನ್ ಮಾರ್ಟಿನೊದಲ್ಲಿ ಬೇಸಿಗೆ ಮನೆ ಇದೆ. ಅಲ್ಲಿ ಕಂಬಗಳ ದೊಡ್ಡ ಕಟ್ಟಡವೇ ಮೊದಲು ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದರ ಮುಂದೆಯೇ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ನೆಪೋಲಿಯನ್‌ನದ್ದಲ್ಲ! ಆಮೇಲೆ ರಷ್ಯದ ಶ್ರೀಮಂತ ಡೆಮಿಡಾಫ್ ಕಟ್ಟಿಸಿದ್ದು. ನೆಪೋಲಿಯನ್‌ನ ಮನೆ ಅದರ ಮೇಲಿರುವ ಚಿಕ್ಕದು. ಕೋಟೆಗಳು ಇವರಿಬ್ಬರಿಗಿಂತಲೂ ಹಳೆಯವು. ಕಡಲ್ಗಳ್ಳರ ಕಾಟಕ್ಕೆ 1548ರಲ್ಲಿ ಫ್ಲಾರೆನ್ಸಿನ ದೊರೆ ಕೊಸಿಮೊ ದೆ ಮೆಡಿಚಿ ಊರಿಗೇ ಗೋಡೆ ಕಟ್ಟಿಸಿದ.

ಜೈಲೇ ನೋಡಬೇಕಾ? ಹಾಗಾದರೆ ಬಂದರಿನ ಬಾಯಲ್ಲಿರುವ ಲಿಂಗ್ವೆಲ್ಲಾ ಗೋಪುರಕ್ಕೆ ಹೋಗಿ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಜೊವಾನ್ನಿ ಪಸ್ಸನ್ನಾಂತೆ ಎಂಬ ಬಡ ಅಡುಗೆಯವನು 1878ರಲ್ಲಿ ನೇಪಲ್ಸ್‌ನಲ್ಲಿ ಇಟಲಿಯ ರಾಜ ಉಂಬೆರ್ತೊನ ಮೇಲೆ ಚಿಕ್ಕ ಚಾಕು ಬೀಸಿದ. ರಾಜನಿಗೆ ತರಚು ಗಾಯವಾಯಿತು, ಅಷ್ಟೇ. ಕೊಟ್ಟಿದ್ದ ಮರಣದಂಡನೆ ಆಮೇಲೆ ಜೀವಾವಧಿ ಶಿಕ್ಷೆಯಾಯಿತು. ಈ ಗೋಪುರದ ತಳದ ಕತ್ತಲೆ ಕೋಣೆಯಲ್ಲಿ, ಕಡಲ ನೀರಿನ ಮಟ್ಟಕ್ಕಿಂತ ಕೆಳಗೆ, ಸರಪಳಿ ಹಾಕಿ ವರ್ಷಗಟ್ಟಲೆ ಇಟ್ಟರು. ಬುದ್ಧಿ ಕೆಟ್ಟ ಮೇಲೆ ಹುಚ್ಚಾಸ್ಪತ್ರೆಗೆ ಸಾಗಿಸಿದರು, 1910ರಲ್ಲಿ ಅಲ್ಲೇ ಸತ್ತ. ಅವನ ತಲೆಬುರುಡೆಯನ್ನು ರೋಮಿನ ಒಂದು ಮ್ಯೂಸಿಯಂನಲ್ಲಿ ಇಟ್ಟಿದ್ದರು. ಅದು ಅವನ ಹುಟ್ಟೂರಿನ ಮಣ್ಣಿಗೆ ಸೇರಿದ್ದು 2007ರಲ್ಲಿ.