ಸಿಮೆಂಟ್ ಹಾಕಿಸಿದ ಹಲ್ಲು ಎತ್ತರ ಅನಿಸಿದರೆ ಸುಮ್ನೆ ಕೂರಬೇಡಿ

ಹುಳುಕು ಹಲ್ಲಿಗೆ ಸಿಮೆಂಟ್, ಅಂದರೆ ಫಿಲ್ಲಿಂಗ್, ಹಾಕಿಸಿಕೊಂಡು ಹೋದವರು ಎಷ್ಟೋ ವಾರ ಬಿಟ್ಟು ಬಂದು, "ಆ ಬದಿಯಲ್ಲಿ ಅಗಿಯಲಿಕ್ಕೇ ಆಗುವುದಿಲ್ಲ ಡಾಕ್ಟ್ರೇ, ತನ್ನಷ್ಟಕ್ಕೆ ಸರಿಯಾಗ್ತದೆ ಅಂತ ಬಿಟ್ಟೆ" ಅನ್ನುತ್ತಾರೆ. ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ಜಾಸ್ತಿ ಕೇಳುವ ಮಾತು ಇದು. ನನಗೆ ಬೇಸರವಾಗುತ್ತದೆ. ಕೆಲವೇ ನಿಮಿಷದ ಕೆಲಸಕ್ಕೆ ಅಷ್ಟು ದಿನ ನೋವು ತಿಂದಿರುತ್ತಾರೆ ಅಲ್ವಾ?

ಫಿಲ್ಲಿಂಗ್ ಮುಗಿದ ಮೇಲೆ ನೀಲಿ ಕಾರ್ಬನ್ ಕಾಗದ ಹಲ್ಲುಗಳ ನಡುವೆ ಇಟ್ಟು "ಕಚ್ಚಿ" ಅನ್ನುತ್ತೇವೆ, ಬಣ್ಣ ದಟ್ಟವಾಗಿ ಬಿದ್ದ ಕಡೆ ಸ್ವಲ್ಪ ಉಜ್ಜಿ ತಗ್ಗಿಸುತ್ತೇವೆ. ಆದರೆ ಕೆಳದವಡೆಗೆ ಇಂಜೆಕ್ಷನ್ ಕೊಟ್ಟಿದ್ದರೆ ಎರಡು ಮೂರು ಗಂಟೆ ತುಟಿ, ನಾಲಿಗೆ ಮರಗಟ್ಟಿರುತ್ತದೆ, ಆ ಹೊತ್ತಿನಲ್ಲಿ ಸರಿಯಾಗಿ ಕಚ್ಚಿದಿರೋ ಇಲ್ಲವೋ ನಿಮಗೇ ತಿಳಿಯುವುದಿಲ್ಲ, ಮನೆಯಲ್ಲಿ ಊಟಕ್ಕೆ ಕೂತಾಗಲೇ ಆ ಒಂದು ಹಲ್ಲು ಎಲ್ಲಕ್ಕಿಂತ ಮೊದಲು ತಾಗುವುದು ಗೊತ್ತಾಗುವುದು. ಕೂದಲೆಳೆಯಷ್ಟು ಎತ್ತರವಿದ್ದರೂ ಅಗಿಯುವ ಭಾರ ಅದರ ಮೇಲೇ ಬೀಳುತ್ತದೆ. ಹಲ್ಲು ನೋಯುತ್ತದೆ, ಫಿಲ್ಲಿಂಗ್ ಒಡೆಯಲೂಬಹುದು. ಎರಡು ದಿನ ನೋಡಿ, ಹಾಗೇ ಇದ್ದರೆ ಬನ್ನಿ. ಉಜ್ಜಿ ಸಮ ಮಾಡಲಿಕ್ಕೆ ಸಾಮಾನ್ಯವಾಗಿ ಇಂಜೆಕ್ಷನ್ನೂ ಬೇಡ.

ಗಡ್‌ಬಡ್ ಐಸ್‌ಕ್ರೀಂ ತಿನ್ನುವಾಗ ಜುಮ್ಮೆಂದು ತಕ್ಷಣ ಹೋದರೆ ಹೆದರಬೇಡಿ, ಹುಳುಕು ಆಳವಾಗಿದ್ದರೆ ಎರಡು ವಾರದವರೆಗೂ ಹಾಗಾಗಬಹುದು. ಬಿಸಿ ಚಾ ಕುಡಿದ ನೋವು ನಿಮಿಷಗಟ್ಟಲೆ ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಅದು ಹಲ್ಲಿನ ನರದ ನೋವು, ರೂಟ್ ಕೆನಾಲ್ ಬೇಕಾಗಬಹುದು.

ಮರಗಟ್ಟಿದ್ದು ಬಿಡುವ ತನಕ ಏನೂ ತಿನ್ನಬೇಡಿ. ಮಕ್ಕಳ ಮೇಲಂತೂ ಕಣ್ಣಿಡಿ, ಗೊತ್ತಾಗದೆ ತುಟಿ ಕಚ್ಚಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಬೆಳಕು ಹಾಯಿಸಿದಾಗಲೇ ಗಟ್ಟಿಯಾಗುತ್ತದೆ. ಬೆಳ್ಳಿ ಬಣ್ಣದ ಅಮಾಲ್ಗಮ್‌ಗೆ 24 ಗಂಟೆ ಬೇಕು, ಅಲ್ಲಿಯವರೆಗೆ ಆ ಬದಿಯಲ್ಲಿ ಅಗಿಯಬೇಡಿ, ಕುಚ್ಚಲಕ್ಕಿ ಗಂಜಿ ಸಾಕು. ಕೋರಿ ರೊಟ್ಟಿ ಆಮೇಲೆ ತಿನ್ನಿ, ರೊಟ್ಟಿ ಸಾರಿನಲ್ಲಿ ಚೆನ್ನಾಗಿ ನೆನೆಯಲಿ. ಅಡಿಕೆ ಹೋಳು ಕಡಿಯುವುದು ಮಾತ್ರ ಯಾವಾಗಲೂ ಬೇಡ.

ಇನ್ನೊಂದು. ಫಿಲ್ಲಿಂಗ್ ಹಾಕಿದ ಹಲ್ಲು ಮತ್ತೆ ಹುಳುಕಾಗುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಆಗುತ್ತದೆ, ಫಿಲ್ಲಿಂಗ್ ಮತ್ತು ಹಲ್ಲು ಸೇರುವ ಅಂಚಿನಲ್ಲೇ. ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಉಜ್ಜಿ, ರಾತ್ರಿಯದ್ದು ತಪ್ಪಿಸಲೇಬೇಡಿ. ನೊರೆ ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸಬೇಡಿ. ಹಲ್ಲಿನ ಸಂದಿಗೆ ಫ್ಲಾಸ್ ದಾರ ಹಾಕುವಾಗ ಪ್ರತಿ ಸಲ ಅದೇ ಜಾಗದಲ್ಲಿ ಸಿಕ್ಕಿ ಎಳೆ ಎಳೆಯಾಗಿ ಬಿಡುತ್ತಿದ್ದರೆ, ನೋವಿಲ್ಲದಿದ್ದರೂ ಬಂದು ತೋರಿಸಿ.