ಜವೆಗೋದಿಯ ಸಿಪ್ಪೆ ಸೀಳಿ ನೋಡಿ

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ನಾನು ಬಿಯರ್ ತಯಾರಿಸುವ ಕೆಲಸದಲ್ಲಿದ್ದೇನೆ ಎಂದು ಗೊತ್ತಾದವರೆಲ್ಲ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ರಾಗಿ ಮೊಳಕೆ ಕಟ್ಟಿದ ಹಾಗೆ ಜವೆಗೋದಿಯನ್ನೂ (ಬಾರ್ಲಿ) ಕಟ್ಟಿದರೆ ಮನೆಯಲ್ಲೇ ಮಾಲ್ಟ್ ಆಗುತ್ತಲ್ವಾ? ಆಗುತ್ತದೆ. ಮೊಳಕೆ ಬರಿಸುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಿಯರಿನ ಮಾಲ್ಟಿಗೆ ಆ ಮೊಳಕೆಯನ್ನು ಯಾವಾಗ ನಿಲ್ಲಿಸಬೇಕು ಎಂಬುದು ಗೊತ್ತಿರಬೇಕು. ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು ಕಾಯ್ದೆಯ ಮಾತು. ಮಾಲ್ಟ್ ಮಾಡುವುದಕ್ಕೆ ತೊಂದರೆಯಿಲ್ಲ, ಅದು ಬರೀ ಮೊಳಕೆ ಕಾಳು. ಆದರೆ ಮಹಾರಾಷ್ಟ್ರದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು 1949ರ ಮದ್ಯನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ನಾನು ಮನೆಯಲ್ಲಿ ಮಾಡುವ ಮಾಲ್ಟ್ ಕೆಲಸದ ಜಾಗದಲ್ಲಿ ಪರೀಕ್ಷೆಗೆ ಹೋಗುತ್ತದೆ, ಉಳಿದದ್ದು ಮಕ್ಕಳ ಹಾಲಿಗೆ.

ಕಿರಾಣಿ ಅಂಗಡಿಯಲ್ಲಿ ಬಾರ್ಲಿ ನೀರಿಗೆಂದು ಸಿಗುವ ಬಿಳಿ ಮುತ್ತಿನಂಥ ಕಾಳು ತರಬೇಡಿ. ಪಾಲಿಶ್ ಮಾಡುವಾಗ ಅದರ ಸಿಪ್ಪೆಯೂ ಹೋಗಿರುತ್ತದೆ, ಮೊಳಕೆಯ ಮೂತಿಯೂ ಹೋಗಿರುತ್ತದೆ. ಎಷ್ಟು ನೆನೆಸಿದರೂ ಅದು ಮೊಳೆಯುವುದಿಲ್ಲ. ಧಾನ್ಯದ ಅಂಗಡಿಯಲ್ಲಿ ಸಿಪ್ಪೆ ಸಮೇತದ ‘ಜವ’ ಎಂದು ಕೇಳಿ. ಬಿತ್ತನೆ ಬೀಜವಂತೂ ಬೇಡವೇ ಬೇಡ, ಅದಕ್ಕೆ ವಿಷದ ಔಷಧಿ ಹಚ್ಚಿರುತ್ತಾರೆ. ತಂದ ಮೇಲೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಇಡಿ. ಮೂರು ದಿನದಲ್ಲಿ 95 ಆದರೂ ಮೊಳೆಯಬೇಕು. ಮೊಳೆಯದ ಕಾಳು ಸುಮ್ನೆ ಕೂರುವುದಿಲ್ಲ, ಬೂಸ್ಟು ಹಿಡಿದು ಪಕ್ಕದ ಕಾಳನ್ನೂ ಕೆಡಿಸುತ್ತದೆ. ಹೊಸ ಬೆಳೆಯಾದರೆ ಇನ್ನೊಂದು ತೊಂದರೆ. ಕೊಯ್ಲಾದ ಮೇಲೆ ಕೆಲವು ವಾರ ಜವೆ ನಿದ್ದೆಯಲ್ಲಿರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ.

ಒಂದು ಕಿಲೋ ತೊಳೆದು ನೆನೆಹಾಕಿ. ಎಂಟು ಗಂಟೆ ನೀರು, ಎಂಟು ಗಂಟೆ ಗಾಳಿ. ನೀರು ಬಸಿದು ಜರಡಿಯಲ್ಲಿ ಹಾಗೇ ಬಿಡಿ, ಆಮೇಲೆ ಮತ್ತೆ ಹೊಸ ನೀರು. ಕಾಳಿಗೂ ಉಸಿರು ಬೇಕು. ಎರಡು ದಿನ ಸತತ ನೀರಿನಲ್ಲೇ ಮುಳುಗಿಸಿದರೆ ಉಸಿರುಕಟ್ಟಿ ಸಾಯುತ್ತದೆ. ಎಷ್ಟು ನೆನೆದರೆ ಸಾಕು ಎಂದು ಕೈಯಲ್ಲಿ ಹಿಸುಕಿ ಹೇಳುವ ಹಳಬರಿದ್ದಾರೆ. ಹೊಸಬರಿಗೆ ತಕ್ಕಡಿ ವಾಸಿ. ಒಣ ಕಾಳಿನಲ್ಲಿ ಸುಮಾರು ಶೇ 12 ನೀರಿರುತ್ತದೆ, ನಮಗೆ ಬೇಕಾದ್ದು ಶೇ 45ರ ಹತ್ತಿರ. ಲೆಕ್ಕ ಹಾಕಿದರೆ ಒಂದು ಕಿಲೋ ಬಸಿದ ಮೇಲೆ 1.6 ಕಿಲೋ ತೂಗಬೇಕು. ಅಷ್ಟು ತೂಗಿ, ಕಾಳಿನ ಬುಡದಲ್ಲಿ ಬೇರಿನ ಬಿಳಿ ಚುಕ್ಕೆ ಕಂಡರೆ ನೆನೆಸುವುದು ಮುಗಿಯಿತು.

ಇಲ್ಲಿ ನನ್ನ ಮೊದಲ ಸಲದ ಕಥೆ ಹೇಳಲೇಬೇಕು. ಅಕ್ಟೋಬರ್ ತಿಂಗಳು, ಮಳೆ ಹೋಗಿ ಪುಣೆಯಲ್ಲಿ ಮತ್ತೆ ಬಿಸಿಲು ಏರಿತ್ತು. ಹೆಸರುಕಾಳಿನ ಹಾಗೆ ಮೂರು ಕಿಲೋ ಜವೆಯನ್ನು ಬಿಗಿಯಾಗಿ ಬಟ್ಟೆಯಲ್ಲಿ ಕಟ್ಟಿ ಇಟ್ಟೆ. ಮಾರನೇ ದಿನ ಗಂಟಿನ ನಡುವೆ ಕೈ ಹಾಕಿದರೆ ಬೆಚ್ಚಗೆ, ಜ್ವರ ಬಂದವರ ಹಣೆಯ ಹಾಗೆ. ಅದರ ಮಾರನೇ ದಿನ ಹುಳಿ ವಾಸನೆ, ಬೂದು ಬಣ್ಣದ ಬೂಸ್ಟು. ಅಷ್ಟನ್ನೂ ಎಸೆದೆ. ಮೊಳೆಯುವ ಕಾಳು ತಾನೇ ಬಿಸಿ ಹುಟ್ಟಿಸುತ್ತದೆ, ರಾಶಿ ದಪ್ಪವಾದಷ್ಟೂ ಆ ಬಿಸಿ ಒಳಗೇ ಉಳಿಯುತ್ತದೆ. ಬೂಸ್ಟು ಬಂದ ಜವೆಯನ್ನು ತೊಳೆದು ಬಳಸುವ ಆಸೆ ಮಾಡಬೇಡಿ, ಅದರ ವಿಷ ತೊಳೆದರೆ ಹೋಗುವುದಿಲ್ಲ.

ಅದಕ್ಕೇ ನಾನೀಗ ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳಲ್ಲಿ ಮಾಡುವುದಿಲ್ಲ. ಜವೆಗೆ 15ರಿಂದ 18 ಡಿಗ್ರಿ ಬೇಕು, ಪುಣೆಯ ಚಳಿಗಾಲ ಅದರ ಹತ್ತಿರಕ್ಕೆ ಪುಕ್ಕಟೆ ತರುತ್ತದೆ. ಮುಂಬೈಯಲ್ಲಿ, ಗೋವಾದಲ್ಲಿ ಇರುವವರಿಗೆ ಏಸಿ ಕೋಣೆಯೇ ಗತಿ. ಅಗಲವಾದ ತಟ್ಟೆಯಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ದಿನಕ್ಕೆ ಮೂರು ಸಲ ಕೈಯಿಂದ ಮಗುಚಿ. ಮಗುಚದಿದ್ದರೆ ಬೇರುಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಚೆನ್ನಾಗಿ ಸಾಗುತ್ತಿದ್ದರೆ ಆಗ ತಾನೇ ಹೆಚ್ಚಿದ ಸೌತೆಕಾಯಿಯ ವಾಸನೆ ಬರುತ್ತದೆ. ನನಗೆ ಆ ವಾಸನೆ ಎಂದರೆ ಪ್ರಾಣ.

ಮೂರನೇ ದಿನಕ್ಕೆ ಬೇರು ಉದ್ದ ಬಂದಿರುತ್ತದೆ. ಆಯ್ತು, ಒಣಗಿಸೋಣ ಎಂದು ಎಲ್ಲರಿಗೂ ಅನಿಸುತ್ತದೆ. ಬೇರನ್ನು ನಂಬಬೇಡಿ. ಒಂದು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಸಿಪ್ಪೆಯ ಕೆಳಗೆ, ಕಾಳಿನ ಬೆನ್ನಿನ ಕಡೆ, ದಾರದಂಥ ಒಂದು ಕುಡಿ ಬುಡದಿಂದ ತುದಿಯ ಕಡೆಗೆ ತೆವಳುತ್ತಿರುತ್ತದೆ. ಎಲೆಯಾಗಬೇಕಾದ ಕುಡಿ ಅದು. ಅದು ಕಾಳಿನ ಮುಕ್ಕಾಲು ಉದ್ದ ದಾಟಿದಾಗ ಒಳಗಿನ ಎಂಜೈಮ್‌ಗಳು (ಪಿಷ್ಟವನ್ನು ಕರಗಿಸಿ ಸಕ್ಕರೆ ಮಾಡುವ ಕಾಳಿನದೇ ವಸ್ತುಗಳು) ಪಿಷ್ಟದ ಸುತ್ತಲಿನ ಗೋಡೆಗಳನ್ನು ಹೆಚ್ಚುಕಡಿಮೆ ಒಡೆದು ಮುಗಿಸಿರುತ್ತವೆ. ಕಾಳನ್ನು ಎರಡು ಬೆರಳ ನಡುವೆ ಉಜ್ಜಿದರೆ ಸೀಮೆಸುಣ್ಣದ ಹಾಗೆ ಬಿಳಿಯಾಗಿ ಹರಡುತ್ತದೆ. ಗಟ್ಟಿ ಹರಳು ಕೈಗೆ ಸಿಕ್ಕರೆ ಇನ್ನೂ ಒಂದು ದಿನ ಬೇಕು. ಕುಡಿ ಸಿಪ್ಪೆಯಿಂದ ಹೊರಗೆ ಇಣುಕಿತೆಂದರೆ ತಡವಾಯಿತು, ನಿಮ್ಮ ಪಾಲಿನ ಸಕ್ಕರೆಯನ್ನು ಗಿಡ ತಿನ್ನುತ್ತಿದೆ. ಒಂದಲ್ಲ, ಬೇರೆ ಬೇರೆ ಕಡೆಯಿಂದ ಹತ್ತು ಕಾಳು ಸೀಳಿ ನೋಡಿ. ಸಾಮಾನ್ಯವಾಗಿ ನಾಲ್ಕು ಅಥವಾ ಐದನೇ ದಿನ ಆ ಹೊತ್ತು ಬರುತ್ತದೆ.

ಇನ್ನು ಒಣಗಿಸುವುದು. ರಾಗಿ ಮಾಲ್ಟ್ ಮಾಡುವವರು ಮೊಳಕೆಯನ್ನು ಘಮ್ಮೆನ್ನುವಂತೆ ಹುರಿಯುತ್ತಾರೆ. ಗಂಜಿಗೆ ಅದು ಸರಿ. ಬಿಯರಿನ ಮಾಲ್ಟಿನಲ್ಲಿ ಎಂಜೈಮ್ ಜೀವಂತ ಉಳಿಯಬೇಕು, ಹುರಿದರೆ ಸತ್ತುಹೋಗುತ್ತದೆ. ಒದ್ದೆ ಕಾಳಿನಲ್ಲಿ ಅದು ಜಾಸ್ತಿ ಬಿಸಿ ತಡೆಯುವುದಿಲ್ಲ, ಒಣಗಿದ ಕಾಳಿನಲ್ಲಿ ತಡೆಯುತ್ತದೆ. ಹಾಗಾಗಿ ಮೊದಲು ಫ್ಯಾನ್ ಗಾಳಿ, ಮಹಡಿಯ ಎಳೆ ಬಿಸಿಲು, 50 ಡಿಗ್ರಿ ದಾಟದ ಹಾಗೆ. ಕಾಳು ಕಟಕ್ ಎಂದು ಮುರಿಯುವಷ್ಟು ಒಣಗಿದ ಮೇಲೆ ಒಟಿಜಿ ಓವನ್ನಿನಲ್ಲಿ 80 ಡಿಗ್ರಿಗೆ ಮೂರ್ನಾಲ್ಕು ಗಂಟೆ. ಬಿಸಿಯಿರುವಾಗಲೇ ಒರಟು ಬಟ್ಟೆಯಲ್ಲಿ ಉಜ್ಜಿ ಬೇರು ಉದುರಿಸಿ, ಇಲ್ಲವಾದರೆ ಕಹಿ. ಒಂದು ಕಿಲೋ ಜವೆಗೆ 800ರಿಂದ 850 ಗ್ರಾಂ ಮಾಲ್ಟ್ ಸಿಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇಟ್ಟು ಆಮೇಲೆ ಕಾಳು ಒಡೆಯಿರಿ.

ಎಂಜೈಮ್ ಉಳಿದಿದೆಯೋ ಇಲ್ಲವೋ ನೋಡಲು ಲ್ಯಾಬ್ ಬೇಡ. ಚಮಚ ನಿಲ್ಲುವಷ್ಟು ಗಟ್ಟಿ ಅಕ್ಕಿ ಗಂಜಿ ಮಾಡಿ, 65 ಡಿಗ್ರಿಗೆ ಆರಿಸಿ, ಎರಡು ಚಮಚ ಮಾಲ್ಟ್ ಪುಡಿ ಕಲಸಿ ಮುಚ್ಚಿಡಿ. ಸ್ವಲ್ಪ ಹೊತ್ತಿನಲ್ಲೇ ಗಂಜಿ ನೀರಾಗಿ ಚಮಚ ವಾಲುತ್ತದೆ. ಕಳೆದ ವರ್ಷ ಪಕ್ಕದ ಮನೆಗೆ ಬಂದಿದ್ದ ವಿಜಯಪುರದ ಅಜ್ಜಿಗೆ ಒಂದು ಬಟ್ಟಲು ಕೊಟ್ಟೆ. “ಸಕ್ರಿ ಎಷ್ಟ್ ಹಾಕೀರಿ?” ಅಂದರು. ಒಂದು ಹರಳೂ ಹಾಕಿರಲಿಲ್ಲ. ಅರ್ಧ ಗಂಟೆಯಾದರೂ ಗಂಜಿ ಹಾಗೇ ಗಟ್ಟಿಯಾಗಿದ್ದರೆ ಒದ್ದೆಯಿರುವಾಗಲೇ ಬಿಸಿ ಜಾಸ್ತಿ ಕೊಟ್ಟಿದ್ದೀರಿ ಎಂದರ್ಥ. ಆ ಮಾಲ್ಟನ್ನು ಚೆನ್ನಾಗಿ ಹುರಿದು ಹಾಲಿಗೆ ಹಾಕಿ ಕುಡಿಯಿರಿ, ಚಳಿ ಮುಗಿಯುವ ಮುಂಚೆ ಇನ್ನೊಂದು ಕಿಲೋ ನೆನೆಹಾಕಿ.